ಸೇತುವೆಗೆ ಮುಗುಳ್ನಗು ಎಂದವರುಂಟೇ?



ಈಚೆಗೆ ನಾಪೋಕ್ಲುವಿನ ಮನೆಮನೆಗೂ ಒಂದು ಉಪದೇಶ ತಲುಪುತ್ತಿದೆ. ಒತ್ತಡವೆಂಬುದು ಹೊರಗೆಲ್ಲೂ ಇಲ್ಲ, ನಿಮ್ಮ ಮನಸ್ಸಿನೊಳಗೇ ಇದೆ. ದೀರ್ಘವಾಗಿ ಉಸಿರೆಳೆದುಕೊಳ್ಳಿ, ಮುಗುಳ್ನಗಿರಿ, ಎಲ್ಲವೂ ಸರಿಹೋಗುವುದು ಎಂದು. ಶಿಬಿರಗಳಲ್ಲಿ ಇದನ್ನೇ ಹೇಳುತ್ತಾರೆ. ಬೆಂಗಳೂರಿನಲ್ಲಿರುವ ನೀವುಗಳೂ ಊರಿನ ತಂದೆತಾಯಿಯರ ಮೊಬೈಲಿಗೆ ಇಂಥ ವಿಡಿಯೋಗಳನ್ನೇ ರವಾನಿಸುತ್ತೀರಿ. ಈ ಮಾತು ಅರ್ಧ ಸತ್ಯ. ಪೂರ್ಣ ಸುಳ್ಳಾಗಿದ್ದರೆ ಇಷ್ಟು ಕೆಡುಕಾಗುತ್ತಿರಲಿಲ್ಲ.

‘ಸ್ಟ್ರೆಸ್’ ಎಂಬ ಪದ ಮೊದಲು ಲೋಹ, ಸೇತುವೆಗಳ ಶಾಸ್ತ್ರಕ್ಕೆ ಸೇರಿದ್ದು. ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳನ್ನು ಪ್ರಕಟಿಸಿದ ಬಳಿಕ ಅದು ಕ್ರಮೇಣ ದೇಹದ ಶಾಸ್ತ್ರಕ್ಕೂ ಬಂದಿತು. ಪದ ಬಂದಿತು, ಆದರೆ ಅದರ ಹಿಂದಿದ್ದ ವಿವೇಕ ಬರಲಿಲ್ಲ! ಸೇತುವೆ ಬಿರುಕುಬಿಟ್ಟರೆ ಎಂಜಿನಿಯರ್ ಮೊದಲು ಕೇಳುವುದು ಅದರ ಮೇಲೆ ಎಷ್ಟು ಭಾರ ಬಿದ್ದಿದೆ ಎಂಬುದನ್ನು. ಮುಗುಳ್ನಗು ಎಂದು ಸೇತುವೆಗೆ ಹೇಳಿದವರನ್ನು ನಾನು ಕಂಡಿಲ್ಲ.

ತೋಟದ ಹಾದಿಯಲ್ಲಿ ಆನೆ ಎದುರಾದರೆ ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಕಾಲಿಗೆ ಎಲ್ಲಿಲ್ಲದ ಬಲ ಬರುತ್ತದೆ. ಅದು ರೋಗವಲ್ಲ, ಪ್ರಾಣರಕ್ಷಣೆಗೆ ಪ್ರಕೃತಿ ಕೊಟ್ಟ ಏರ್ಪಾಡು. ಆನೆ ಕಾಡಿಗೆ ಮರಳಿದ ಸ್ವಲ್ಪ ಹೊತ್ತಿನಲ್ಲಿ ದೇಹವೂ ಸಮಸ್ಥಿತಿಗೆ ಮರಳುತ್ತದೆ. ಆದರೆ ಬ್ಯಾಂಕಿನ ಸಾಲವೆಂಬ ಆನೆ ಅಂಗಳದಲ್ಲೇ ನಿಂತಿರುತ್ತದೆ. ಹಗಲೂ ಕದಲುವುದಿಲ್ಲ, ರಾತ್ರಿಯೂ ಕದಲುವುದಿಲ್ಲ. ದೇಹವನ್ನು ತಿನ್ನುವುದು ಆ ಬಗೆಯ ಒತ್ತಡ.

ಹಿಂದೆ ನಮ್ಮ ಹಿರಿಯರಿಗೆ ಕಷ್ಟವಿರಲಿಲ್ಲವೇ? ಇತ್ತು. ಕಕ್ಕಡ ಮಾಸದ ಜಡಿಮಳೆ, ನಾಟಿಯ ದುಡಿಮೆ, ಚಳಿ ಜ್ವರ. ಆದರೆ ಆ ಕಷ್ಟಕ್ಕೊಂದು ಕೊನೆಯಿತ್ತು. ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ, ಆಮೇಲೆ ಕೈಲ್‌ಪೊಳ್ದ್, ಮುಂದೆ ಪುತ್ತರಿ. ಭಯಕ್ಕೂ ಒಂದು ಪಂಚಾಂಗವಿತ್ತು ಎನ್ನಬಹುದು. 2018ರ ಆಗಸ್ಟ್ ಆ ಪಂಚಾಂಗವನ್ನು ಹರಿದುಹಾಕಿತು. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದವು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆಯನ್ನೇ ನುಂಗಿತು. ಅಂದಿನಿಂದ ಹೆಂಚಿನ ಮೇಲೆ ಮಳೆಯ ಸದ್ದು ಜೋರಾದರೆ ಎದ್ದು ಕೂರುವವರು ನಮ್ಮಲ್ಲಿ ಎಷ್ಟಿಲ್ಲ! ಅಂಥವರಿಗೆ ‘ಎಲ್ಲ ನಿಮ್ಮ ಮನಸ್ಸಿನಲ್ಲಿದೆ’ ಎನ್ನುವುದು ಸಾಂತ್ವನವಲ್ಲ, ಅವಮಾನ.

2024ರಿಂದೀಚೆಗೆ ಕಾಫಿಗೆ ಒಳ್ಳೆಯ ಬೆಲೆ ಬಂದಿತಲ್ಲ, ಇನ್ನೇನು ಚಿಂತೆ ಎಂದು ಕೇಳುವವರಿದ್ದಾರೆ. ಬೆಲೆ ಬಂದದ್ದು ಫಸಲು ಕೈಸೇರಿದವರಿಗೆ. ಹೂಮಳೆ ತಪ್ಪಿದರೆ ಡೀಸೆಲ್ ಸುಟ್ಟು ನೀರು ಹಾಯಿಸಬೇಕು. ಕೊಯ್ದು ಕಣದಲ್ಲಿ ಹರಡಿದ ಮೇಲೆ ಅಕಾಲ ಮಳೆ ಬಂದರೆ ಹೊದಿಸಲು ಓಡಬೇಕು. ಲೈನ್‌ಮನೆಗಳಲ್ಲಿರುವ ಕೂಲಿಕಾರರಿಗಂತೂ ಕಾಫಿಯ ಬೆಲೆ ಏರಿದ ಸುದ್ದಿ ಕೇಳುವುದಷ್ಟೇ ಲಾಭ. (ಒತ್ತಡ ನಿರ್ವಹಣೆಯ ಶಿಬಿರವೊಂದು ಲೈನ್‌ಮನೆಯ ಮುಂದೆ ನಡೆದುದನ್ನು ನಾನಂತೂ ನೋಡಿಲ್ಲ.)

ಇನ್ನು ನಮ್ಮವರದೇ ದೋಷ. ವೀರಭೂಮಿ ಎಂಬ ಬಿರುದು ಹೊತ್ತವರು ‘ನನಗೆ ಭಯವಾಗುತ್ತಿದೆ’ ಎಂದು ಹೇಳುವುದುಂಟೇ? ಹೇಳದ್ದನ್ನು ದೇಹ ಹೇಳುತ್ತದೆ. ಹೆಂಗಸರಲ್ಲಿ ಅದಕ್ಕೆ ಗ್ಯಾಸ್ಟ್ರಿಕ್ ಎಂದು ಹೆಸರು, ಇಲ್ಲವೇ ತಲೆನೋವು. ಗಂಡಸರಲ್ಲಿ ಸಿಡುಕು, ಸಂಜೆಯ ಒಂದು ಪೆಗ್ ಮೂರಾಗುವುದು. ಮುಂಜಾವ ಮೂರು ಗಂಟೆಗೇ ಎಚ್ಚರವಾಗುವುದು, ಇಷ್ಟದ ಹಾಕಿ ಪಂದ್ಯವೂ ಬೇಡವಾಗುವುದು, ಮದುವೆಮನೆಗೆ ಹೋಗದೆ ನೆಪ ಹೇಳುವುದು... 2024ರಲ್ಲಿ ನಮ್ಮೂರಿನಲ್ಲಿ 360 ಕುಟುಂಬ ತಂಡಗಳು ಹಾಕಿ ಆಡಿದಾಗ ಮನೆಯಿಂದ ಹೊರಬಾರದೆ ಕುಳಿತ ಹಾಕಿಪ್ರಿಯರೂ ಇದ್ದಿರಬಹುದು. ಅಂಥವರನ್ನು ಅಹಂಕಾರಿಗಳೆಂದು ಆಡಿಕೊಳ್ಳುವುದೇ ನಮಗೆ ಸುಲಭ.

ಪ್ರಾಣಾಯಾಮವನ್ನು ನಾನು ಹಳಿಯುತ್ತಿಲ್ಲ. ನಿಧಾನವಾದ ಉಸಿರಾಟದಿಂದ ಎದೆಬಡಿತ ಇಳಿಯುತ್ತದೆ, ನಿದ್ರೆಗೆ ಅನುಕೂಲ. ಆದರೆ ಮುರಿದ ರಸ್ತೆ, ಬಾರದ ಪರಿಹಾರ, ತೋಟಕ್ಕಿಳಿಯುವ ಆನೆ, ಇವುಗಳ ಹೊಣೆ ಹೊರಬೇಕಾದವರು ಅದೇ ಉಸಿರಾಟವನ್ನು ನಮ್ಮ ಬಾಯಿ ಮುಚ್ಚಿಸಲು ಬಳಸುವುದನ್ನು ನಾನು ಒಪ್ಪಲಾರೆ. ಸರ್ಕಾರ ಮಾಡಬೇಕಾದುದಕ್ಕೆ ಅರ್ಜಿ ಬರೆಯಬೇಕು, ವೈದ್ಯರು ಮಾಡಬೇಕಾದುದಕ್ಕೆ ವೈದ್ಯರಲ್ಲಿಗೆ ಹೋಗಬೇಕು. ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ, ಅದನ್ನು ಗ್ಯಾಸ್ಟ್ರಿಕ್ ಮಾತ್ರೆಯಲ್ಲಿ ಮುಚ್ಚಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಹುಚ್ಚರು ಮಾತ್ರ ಮನೋವೈದ್ಯರ ಬಳಿ ಹೋಗುವರೆಂಬ ಹಳೆಯ ಮಾತನ್ನು ನನ್ನ ತರಗತಿಯಲ್ಲಿ ಕುಳಿತವರಾದರೂ ಬಿಡಬೇಕು.

ಮತ್ತೆ ದೂರದಲ್ಲಿರುವ ನೀವು, ಮುಂದಿನ ಮಳೆಗಾಲದಲ್ಲಿ ವಿಡಿಯೋ ಕಳುಹಿಸಬೇಡಿ. ರಾತ್ರಿ ಎಂಟಕ್ಕೆ ಫೋನು ಮಾಡಿ, ಹೊಳೆ ಎಲ್ಲಿಯವರೆಗೆ ಬಂದಿದೆ, ಚೆರಿಯಪರಂಬುವಿನ ಕಡೆ ನೀರು ಏರಿತೇ, ಕರೆಂಟು ಇದೆಯೇ ಎಂದು ಕೇಳಿ. ಅಮ್ಮ ಹೇಳಿದ್ದನ್ನೇ ಮೂರು ಬಾರಿ ಹೇಳಿದರೂ ಮಧ್ಯೆ ಫೋನ್ ಇಡಬೇಡಿ.