ಆನ್‌ಲೈನ್ ಅಂಗಡಿ: ಅಡುಗೆಮನೆ ಬೇರೆ, ಹಾಲ್ ಬೇರೆ ಆಗಲೇಬೇಕೇ?

ಹೊಟೇಲ್ ಉದ್ಯಮವನ್ನು ನಂಬಿ ಮುಂಬಯಿ ಮಹಾನಗರದಲ್ಲಿ ನೆಲೆಯೂರಿದ ಕನ್ನಡಿಗರ ಮನೆಗಳಲ್ಲಿ ಹೊಸ ಪೀಳಿಗೆಯ ಕೆಲವರು ಆನ್‌ಲೈನ್ ವ್ಯಾಪಾರದತ್ತ ಹೊರಳಿದ್ದಾರೆ. ಊರಿನ ಕುಚ್ಚಲಕ್ಕಿ, ಹಪ್ಪಳ, ಉಪ್ಪಿನಕಾಯಿ, ಇಳಕಲ್ ಸೀರೆ ಇವೆಲ್ಲ ಮೊಬೈಲ್ ಪರದೆಯ ಮೇಲೆ ಮಾರಾಟಕ್ಕೆ ಬಂದಿರುವುದು ಸ್ವಾಗತಾರ್ಹವೇ. ಆದರೆ ಅಂಗಡಿಯ ವೆಬ್‌ಸೈಟ್ ಮಾಡಿಸಲು ಹೊರಟವರ ಕಿವಿಗೆ ಈಗ 'ಹೆಡ್‌ಲೆಸ್ ಕಾಮರ್ಸ್' ಎಂಬ ಮಾತು ಬೀಳುತ್ತಿದೆ. ತಲೆಯಿಲ್ಲದ ವ್ಯಾಪಾರ ಎಂದು ಕನ್ನಡಕ್ಕೆ ತಂದರೆ ನಗು ಬರುತ್ತದೆ. ಕೊಟೇಶನ್ ಕೈಗೆ ಬಂದಾಗ ಆ ನಗು ನಿಲ್ಲುತ್ತದೆ.

ವಿಷಯ ಹೊಟೇಲಿನವರಿಗೆ ಬೇಗ ಅರ್ಥವಾಗುವಂಥದ್ದು. ಒಂದು ಹೊಟೇಲಿಗೆ ಅಡುಗೆಮನೆ ಒಂದೇ. ಆದರೆ ಗಿರಾಕಿ ಕೂರುವ ಸಾಮಾನ್ಯ ಹಾಲ್ ಬೇರೆ, ಎ.ಸಿ. ವಿಭಾಗ ಬೇರೆ, ಪಾರ್ಸೆಲ್ ಕೌಂಟರ್ ಬೇರೆ. ಮಾಣಿ ಆರ್ಡರನ್ನು ಕಿಂಡಿಯಲ್ಲಿ ಕೊಡುತ್ತಾನೆ, ಒಳಗಿನಿಂದ ದೋಸೆ ಹೊರಗೆ ಬರುತ್ತದೆ. ಹಾಲಿಗೆ ಬಣ್ಣ ಬಳಿದರೂ ಮೇಜು ಬದಲಿಸಿದರೂ ಒಳಗಿನ ಭಟ್ಟರಿಗೆ ಅದರಿಂದ ತೊಂದರೆಯಿಲ್ಲ. ಹೆಡ್‌ಲೆಸ್ ಎಂದರೆ ಇಷ್ಟೇ. ದಾಸ್ತಾನು, ಬೆಲೆ, ಆರ್ಡರ್, ಬಿಲ್ಲು, ಹಣ ಪಾವತಿ ಇವು ಅಡುಗೆಮನೆ. ಗಿರಾಕಿ ನೋಡುವ ಪುಟಗಳು, ಮೊಬೈಲ್ ಆಪ್ ಇವು ಹಾಲ್. ಎರಡರ ನಡುವಿನ ಕಿಂಡಿಗೆ ಸಾಫ್ಟ್‌ವೇರ್‌ನವರು ಎಪಿಐ ಎನ್ನುತ್ತಾರೆ. ಕೆನಡಾದಲ್ಲಿ ಹುಟ್ಟಿ 2006ರಲ್ಲಿ ಆರಂಭವಾದ ಶಾಪಿಫೈ, 2011ರಲ್ಲಿ ಬಂದ ವೂಕಾಮರ್ಸ್ ಮುಂತಾದವು ಈ ಎರಡನ್ನೂ ಒಂದೇ ಸೂರಿನಡಿ ಸಿದ್ಧಪಡಿಸಿ ಕೊಡುತ್ತವೆ. ಬೇಕೆಂದವರು ಅವುಗಳ ಅಡುಗೆಮನೆಯನ್ನು ಮಾತ್ರ ಇಟ್ಟುಕೊಂಡು, ಹಾಲನ್ನು ತಮಗೆ ಬೇಕಾದಂತೆ ಬೇರೆಯಾಗಿ ಕಟ್ಟಿಸಬಹುದು.

ಇದರಿಂದ ಲಾಭವಿಲ್ಲವೆಂದಲ್ಲ. ಪುಟ ಬೇಗ ತೆರೆಯುವಂತೆ ಮಾಡಬಹುದು. ಗಣೇಶ ಚೌತಿಗೆ, ದೀಪಾವಳಿಗೆ ಅಂಗಡಿಯ ಮುಖವನ್ನು ಪೂರ್ತಿ ಬದಲಿಸಿದರೂ ಬಿಲ್ಲಿಂಗ್ ಅಲುಗಾಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ವೆಬ್‌ಸೈಟ್, ಆಪ್, ಅಂಗಡಿಯ ಕೌಂಟರ್ ಹೀಗೆ ಹಲವು ಬಾಗಿಲುಗಳಿಗೆ ಒಂದೇ ದಾಸ್ತಾನಿನಿಂದ ಸರಕು ಹೋಗುತ್ತದೆ. ಬಾಗಿಲು ಹಲವಿರಬೇಕೆಂಬ ಪಾಠವನ್ನು ಬೆಂಗಳೂರಿನ ಮಿಂತ್ರಾ ಕಂಪೆನಿ ದೊಡ್ಡ ಬೆಲೆಗೇ ಕಲಿತಿರಬೇಕು. 2015ರ ಮೇ ತಿಂಗಳಲ್ಲಿ ಅದು ವೆಬ್‌ಸೈಟ್ ಮುಚ್ಚಿ ಆಪ್ ಒಂದನ್ನೇ ಉಳಿಸಿಕೊಂಡಿತು. 2016ರ ಜೂನ್‌ನಲ್ಲಿ ವೆಬ್‌ಸೈಟನ್ನು ಮತ್ತೆ ತೆರೆಯಿತು. ಗಿರಾಕಿ ಯಾವ ಬಾಗಿಲಿನಿಂದ ಬರಬೇಕೆಂದು ಅಂಗಡಿಯವನು ಅಪ್ಪಣೆ ಕೊಡಲಾಗದು. ಕೇಂದ್ರ ಸರಕಾರದ ಬೆಂಬಲದಿಂದ 2021ರ ಕೊನೆಗೆ ಸ್ಥಾಪನೆಯಾಗಿ, 2022ರಲ್ಲಿ ಬೆಂಗಳೂರು ಸೇರಿದಂತೆ 5 ನಗರಗಳಲ್ಲಿ ಪ್ರಾಯೋಗಿಕವಾಗಿ ಶುರುವಾದ ಓಎನ್‌ಡಿಸಿ ಜಾಲದ ಮೂಲ ವಿಚಾರವೂ ಇದಕ್ಕೆ ಹತ್ತಿರದ್ದೇ. ಅಲ್ಲಿ ಕೊಳ್ಳುವವನ ಆಪ್ ಒಂದು, ಮಾರುವವನ ಆಪ್ ಇನ್ನೊಂದು. ನಡುವೆ ಎಲ್ಲರಿಗೂ ಸಮಾನವಾದ ಕಿಂಡಿ.

ತೊಡಕು ಇರುವುದು ಖರ್ಚಿನಲ್ಲಿ ಮತ್ತು ಹೊಣೆಯಲ್ಲಿ. ಸಿದ್ಧ ಅಂಗಡಿಯಲ್ಲಿ ಬ್ಯಾನರ್ ಬದಲಿಸಬೇಕಾದರೆ ಮಾಲಕರೇ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕುಳಿತು ಬದಲಿಸಬಹುದು. ಹಾಲ್ ಬೇರೆಯಾದ ಮೇಲೆ ಅದಕ್ಕೂ ಬೇರೆ ವ್ಯವಸ್ಥೆ ಕಟ್ಟಿಸಬೇಕು, ಇಲ್ಲವಾದರೆ ಒಂದು ಸಾಲು ತಿದ್ದಲೂ ಎಂಜಿನಿಯರಿಗೆ ಫೋನು ಮಾಡಬೇಕು. ಗಿರಾಕಿಗಳ ಅಭಿಪ್ರಾಯ, ಕೂಪನ್, ಶಿಫಾರಸು ಪಟ್ಟಿ ಮುಂತಾಗಿ ಸಿದ್ಧ ಅಂಗಡಿಗೆ ಸುಲಭವಾಗಿ ಅಂಟಿಸಬಹುದಾದ ಅನೇಕ ಸೌಲಭ್ಯಗಳು ಇಲ್ಲಿ ತಾವಾಗಿಯೇ ಕೆಲಸ ಮಾಡುವುದಿಲ್ಲ, ಒಂದೊಂದನ್ನೂ ಹೊಸದಾಗಿ ಜೋಡಿಸಬೇಕು. ವೇಗಕ್ಕಾಗಿ ಪುಟಗಳನ್ನು ಮೊದಲೇ ತಯಾರಿಸಿಟ್ಟರೆ, ಒಳಗೆ ಹಪ್ಪಳ ಮುಗಿದಿದ್ದರೂ ಹೊರಗಿನ ಬೋರ್ಡಿನಲ್ಲಿ ಅದು ಇನ್ನೂ ಇದೆ ಎಂದೇ ತೋರಿಸುವ ಸಂಭವವಿದೆ. ಆರ್ಡರ್ ನಿಂತುಹೋದ ದಿನವಂತೂ ಹಾಲ್ ಕಟ್ಟಿದವರು ಅಡುಗೆಮನೆಯತ್ತ ಬೆರಳು ತೋರಿಸುತ್ತಾರೆ, ಅಡುಗೆಮನೆಯವರು ಹಾಲಿನತ್ತ. ನಡುವೆ ಸಿಕ್ಕಿಬೀಳುವವರು ಮಾಲಕರು.

ಒಮ್ಮೆ ಕಟ್ಟಿಸಿದರೆ ಮುಗಿಯಿತು ಎಂಬ ಭಾವನೆಯೂ ಸರಿಯಲ್ಲ. ಶಾಪಿಫೈ ತನ್ನ ಎಪಿಐಯ ಹೊಸ ಆವೃತ್ತಿಯನ್ನು 3 ತಿಂಗಳಿಗೊಮ್ಮೆ ಹೊರತರುತ್ತದೆ, ಪ್ರತಿಯೊಂದಕ್ಕೂ ಕನಿಷ್ಠ 12 ತಿಂಗಳ ಬೆಂಬಲ ನೀಡುತ್ತದೆ. ಅಂದರೆ ವರ್ಷಕ್ಕೊಮ್ಮೆಯಾದರೂ ಯಾರಾದರೂ ಕಿಂಡಿಯನ್ನು ಪರೀಕ್ಷಿಸಿ ಸರಿಪಡಿಸುತ್ತಿರಬೇಕು. ಹೆಡ್‌ಲೆಸ್ ಅಂಗಡಿಗಾಗಿ ಅದೇ ಕಂಪೆನಿ 2021ರಲ್ಲಿ 'ಹೈಡ್ರೋಜನ್' ಎಂಬ ಸಾಧನವನ್ನು ಪ್ರಕಟಿಸಿತು. 2022ರಲ್ಲಿ ರೆಮಿಕ್ಸ್ ಎಂಬ ಬೇರೆ ತಂತ್ರಾಂಶವನ್ನು ಖರೀದಿಸಿ, 2023ರಲ್ಲಿ ಹೈಡ್ರೋಜನನ್ನು ಅದರ ಮೇಲೆಯೇ ಹೊಸದಾಗಿ ಕಟ್ಟಿತು. ಹಳೆಯ ರೀತಿಯಲ್ಲಿ ಬರೆಸಿಕೊಂಡಿದ್ದವರು ಬಹಳಷ್ಟನ್ನು ಮತ್ತೆ ಬರೆಸಬೇಕಾಯಿತು. ದೊಡ್ಡ ಕಂಪೆನಿಗಳಿಗೆ ಇಂಥದ್ದು ವರ್ಷದ ಖರ್ಚಿನಲ್ಲಿ ಒಂದು ಬಾಬ್ತು ಮಾತ್ರ. ಊರಿನಿಂದ ಸರಕು ತರಿಸಿ ದಿನಕ್ಕೆ ನಾಲ್ಕಾರು ಪಾರ್ಸೆಲ್ ಕಳುಹಿಸುವ ಮನೆಗೆ ಅದು ಇಡೀ ವರ್ಷದ ಉಳಿತಾಯವನ್ನೇ ನುಂಗಬಹುದು.

ಹೀಗಾಗಿ ತಂತ್ರಜ್ಞಾನ ಹೊಸದೋ ಹಳೆಯದೋ ಎಂದು ನೋಡುವ ಬದಲು ಬಾಗಿಲುಗಳನ್ನು ಎಣಿಸುವುದು ಲೇಸು. ವೆಬ್‌ಸೈಟ್ ಒಂದೇ ಬಾಗಿಲಾಗಿದ್ದು, ಉಳಿದ ಆರ್ಡರ್ ವಾಟ್ಸಾಪ್‌ನಲ್ಲೇ ಬರುತ್ತಿದ್ದರೆ ಸಿದ್ಧ ಅಂಗಡಿ ಧಾರಾಳ ಸಾಕು. ಪುಟ ನಿಧಾನವೆಂಬ ದೂರಿದ್ದರೆ ಮೊದಲು ಫೋಟೋಗಳ ಗಾತ್ರ ಇಳಿಸಿ, ಬೇಡದ ಪ್ಲಗಿನ್‌ಗಳನ್ನು ತೆಗೆಸಿ ನೋಡಬೇಕು. ಎಷ್ಟೋ ಕಡೆ ರೋಗ ಅಲ್ಲೇ ಇರುತ್ತದೆ. ಹಲವು ನಗರಗಳಲ್ಲಿ ಮಳಿಗೆ, ಸ್ವಂತ ಆಪ್, ಬೇರೆ ಬೇರೆ ಊರಿಗೆ ಬೇರೆ ಬೆಲೆ, ಜೊತೆಗೆ ಸಂಬಳದ ಮೇಲೆ ಸ್ವಂತ ಎಂಜಿನಿಯರು ಇರುವ ಸಂಸ್ಥೆಗೆ ಹೆಡ್‌ಲೆಸ್ ಒಪ್ಪುತ್ತದೆ. ಇದರಲ್ಲಿ ಕೊನೆಯದು ಇಲ್ಲದಿದ್ದರೆ ಮೊದಲಿನ ಮೂರು ಇದ್ದರೂ ಎರಡು ಬಾರಿ ಯೋಚಿಸಬೇಕು. ಅಂಗಡಿ ಕನ್ನಡದಲ್ಲಿ ಮಾತಾಡಬೇಕಾದರೆ ಹೆಡ್‌ಲೆಸ್ ಬೇಕು ಎಂಬ ವಾದವನ್ನಂತೂ ನಂಬಬೇಕಾಗಿಲ್ಲ. ಯೂನಿಕೋಡ್ ಕನ್ನಡದಲ್ಲಿ ಸರಕಿನ ಹೆಸರು, ವಿವರ ಬರೆಯಲು ಯಾವ ತಲೆಯನ್ನೂ ಕಡಿಯಬೇಕಿಲ್ಲ, ಸಿದ್ಧ ಅಂಗಡಿಯಲ್ಲೂ ಅದು ನಡೆಯುತ್ತದೆ. ಬರೆಯುವವರು ಬೇಕು, ಅಷ್ಟೇ.

ಇಲ್ಲಿ ಕನ್ನಡ ಸಂಘಗಳಿಗೂ ಕೆಲಸವಿದೆ. ಸಾಫ್ಟ್‌ವೇರ್ ಕಂಪೆನಿಗಳಲ್ಲಿ ದುಡಿಯುವ ಸದಸ್ಯರ ಮಕ್ಕಳು ವಾರ್ಷಿಕೋತ್ಸವದ ದಿನ ವೇದಿಕೆಯಲ್ಲಿ ಸನ್ಮಾನ ಸ್ವೀಕರಿಸಿ ಹೋಗುತ್ತಾರೆ. ಅವರನ್ನೇ ಯುವ ವಿಭಾಗದ ಮೂಲಕ ತಿಂಗಳಿಗೊಂದು ರವಿವಾರ ಸಂಜೆ ಕುಳ್ಳಿರಿಸಿ, ಮಹಿಳಾ ವಿಭಾಗದ ಗೃಹೋದ್ಯಮಿಗಳಿಗೆ ಬಂದ ಕೊಟೇಶನ್‌ಗಳನ್ನು ಓದಿ ಬಿಡಿಸಿ ಹೇಳುವಂತೆ ಮಾಡಿದರೆ ಶಾಲು, ಫಲಕಕ್ಕಿಂತ ಹೆಚ್ಚಿನ ಉಪಕಾರವಾದೀತು. ಅವರು ಕೇಳಬೇಕಾದ ಪ್ರಶ್ನೆಗಳು ಹೆಚ್ಚೇನಿಲ್ಲ: 2ನೇ ವರ್ಷದ ನಿರ್ವಹಣೆಗೆ ಎಷ್ಟು, ಕಟ್ಟಿದವರು ಬಿಟ್ಟುಹೋದರೆ ಕೋಡ್ ಯಾರ ಕೈಯಲ್ಲಿ, ಗಿರಾಕಿಗಳ ಪಟ್ಟಿಯನ್ನು ಕೇಳಿದ ದಿನ ಪೂರ್ತಿಯಾಗಿ ಕೊಡುತ್ತಾರೆಯೇ. ಇನ್ನು ಡೊಮೇನ್ ಹೆಸರು ಮತ್ತು ಪೇಮೆಂಟ್ ಗೇಟ್‌ವೇ ಖಾತೆ ಇವೆರಡೂ ಹೆಡ್‌ಲೆಸ್ ಇರಲಿ ಇಲ್ಲದಿರಲಿ, ವೆಬ್‌ಸೈಟ್ ಮಾಡಿಕೊಟ್ಟವರ ಇ-ಮೇಲ್‌ನಲ್ಲಿ ಅಲ್ಲ, ವ್ಯಾಪಾರಿಯ ಸ್ವಂತ ಇ-ಮೇಲ್‌ನಲ್ಲಿ ನೋಂದಣಿಯಾಗಿವೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಲಿಖಿತವಾಗಿ ಪಡೆದುಕೊಳ್ಳಬೇಕು.