ಪರದೇಶದ ಬಿಡಾರದವರೂ ಎರಡು ಗಾಲಿಯ ಬಂಡಿಯೂ

ಮನೆಯ ಮಹಡಿಯನ್ನಾಗಲಿ ಹಿತ್ತಲ ಕಡೆಯ ಕೊಠಡಿಯನ್ನಾಗಲಿ ಪರಸ್ಥಳದವರಿಗೆ ಬಾಡಿಗೆಗೆ ಕೊಡುವುದು ಮೈಸೂರಿನ ಗೃಹಸ್ಥರಿಗೆ ಹೊಸ ಸಂಗತಿಯಲ್ಲ. ಕಾಲೇಜು ವ್ಯಾಸಂಗಕ್ಕೆಂದು ಹಾಸನ, ಕೊಡಗು, ಮಂಡ್ಯದ ಕಡೆಗಳಿಂದ ಬಂದ ಹುಡುಗರಿಗೆ ನಮ್ಮ ಹಿರಿಯರು ಆಶ್ರಯವಿತ್ತರು. ಈಗ ಗೋಕುಲ, ವೊಂಟಿಕೊಪ್ಪಲು, ಲಕ್ಷ್ಮೀಪುರದ ಬೀದಿಗಳಲ್ಲಿ ಬಿಡಾರ ಹುಡುಕುವವರಲ್ಲಿ ಯೂರೋಪು, ಅಮೆರಿಕ, ಜಪಾನು, ಬ್ರೆಜಿಲ್ ದೇಶದವರೂ ಸೇರಿದ್ದಾರೆ. ಇವರಲ್ಲಿ ಅನೇಕರನ್ನು ಇಲ್ಲಿಗೆ ಕರೆತಂದುದು ಯೋಗಾಭ್ಯಾಸ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರು ಯೋಗಶಾಲೆಯನ್ನು ನಡೆಸತೊಡಗಿದರು. 1937ರಲ್ಲಿ ರೀಗಾ ನಗರದಲ್ಲಿ ಹುಟ್ಟಿದ ಇಂದ್ರಾದೇವಿಯು ಅವರಲ್ಲಿ ಶಿಷ್ಯೆಯಾಗಿ ನಿಂತರು. ಅಂದು ಒಬ್ಬಿಬ್ಬರಿಂದ ಮೊದಲಾದುದು ಇಂದು ಬೀದಿಬೀದಿಗಳ ಮಾತಾಗಿದೆ.

ಹೀಗೆ ಬಂದವರ ಊಟ, ನೀರು, ಸೊಳ್ಳೆಯ ಪರದೆಗಳ ವಿಚಾರದಲ್ಲಿ ನಮ್ಮ ಗೃಹಿಣಿಯರು ತೋರುವ ಆದರವು ಶ್ಲಾಘನೀಯವೇ ಸರಿ. ಆದರೆ ಬಂದ ಮೂರನೆಯ ದಿನ ಅತಿಥಿಯು ಕೇಳುವ ಪ್ರಶ್ನೆಯೊಂದಿದೆ: "ಇಲ್ಲಿ ಸ್ಕೂಟರು ಎಲ್ಲಿ ದೊರೆಯುತ್ತದೆ?" ಮನೆಯ ಯಜಮಾನರು ದಾಕ್ಷಿಣ್ಯಕ್ಕೆ ಒಳಗಾಗಿ, "ನಮ್ಮ ಬಂಡಿ ಸುಮ್ಮನೆ ನಿಂತಿದೆಯಲ್ಲ, ತೆಗೆದುಕೊಂಡು ಹೋಗಿ" ಎಂದು ಬೀಗದ ಕೈಯನ್ನು ಕೊಟ್ಟುಬಿಡುತ್ತಾರೆ. ಇದು ಉಪಕಾರವೆಂದೇ ಅವರ ಭಾವನೆ. ಕಾನೂನಿನ ದೃಷ್ಟಿಯಿಂದಲೂ ಅತಿಥಿಯ ಕ್ಷೇಮದ ದೃಷ್ಟಿಯಿಂದಲೂ ಅದು ಉಪಕಾರವೇ ಅಲ್ಲವೇ ಎಂಬುದನ್ನು ಈ ತಿಂಗಳು ವಿಚಾರಮಾಡೋಣ.

ಮೊದಲು ಮನೆಯವರ ಕರ್ತವ್ಯದ ಮಾತು. ಪರದೇಶದವರಿಗೆ ಇಳಿದುಕೊಳ್ಳಲು ಸ್ಥಳ ಕೊಟ್ಟವರು ಅವರು ಬಂದ 24 ಗಂಟೆಗಳೊಳಗೆ ಸರ್ಕಾರಕ್ಕೆ ವರದಿ ಸಲ್ಲಿಸತಕ್ಕದ್ದು. 'ಸಿ ಫಾರಂ' ಎಂದು ಬಹುಕಾಲದಿಂದ ಹೆಸರಾದ ಈ ವರದಿಯನ್ನು ಈಗ ಗಣಕಯಂತ್ರದ ಮೂಲಕ ಮನೆಯಲ್ಲಿ ಕುಳಿತೇ ಕಳುಹಿಸಬಹುದು. 1939ರ ನೋಂದಣಿ ಕಾಯಿದೆಯೂ 1946ರ ವಿದೇಶೀಯರ ಕಾಯಿದೆಯೂ ರದ್ದಾಗಿ ಅವುಗಳ ಸ್ಥಾನದಲ್ಲಿ 2025ರ ಹೊಸ ಕಾಯಿದೆಯು ಬಂದಿದೆ. ಮನೆಯವರ ಹೊಣೆ ಮಾತ್ರ ಇಳಿದಿಲ್ಲ. ವೀಸಾದ ಅವಧಿಯು 180 ದಿನಗಳನ್ನು ಮೀರಿದ್ದರೆ ಸಾಮಾನ್ಯವಾಗಿ ಅತಿಥಿಯು ಬಂದ 14 ದಿನಗಳೊಳಗೆ ತಾನೇ ಹೆಸರನ್ನು ನೋಂದಾಯಿಸಿಕೊಳ್ಳಬೇಕು. ರಹದಾರಿ ಪುಸ್ತಕದ ಮತ್ತು ವೀಸಾದ ಪ್ರತಿಯನ್ನು ತೆಗೆದುಕೊಳ್ಳುವ ಈ ಸಂದರ್ಭದಲ್ಲಿಯೇ ವಾಹನದ ಲೈಸೆನ್ಸನ್ನೂ ತೋರಿಸುವಂತೆ ಕೇಳುವುದು ಉಚಿತ. ಆಗ ಕೇಳಿದರೆ ಯಾರಿಗೂ ಸಂಕೋಚವಾಗದು. ಬೀಗದ ಕೈ ಕೊಡುವ ಹೊತ್ತಿನಲ್ಲಿ ಕೇಳಿದರೆ ಅನುಮಾನಪಟ್ಟಂತೆ ಕಂಡೀತು.

ಲೈಸೆನ್ಸಿನಲ್ಲಿ ನೋಡತಕ್ಕದ್ದೇನು? ತನ್ನ ದೇಶದ ಮೂಲ ಲೈಸೆನ್ಸು ಒಂದು. ಅದರ ಜೊತೆಗೆ 1949ರ ಜಿನೀವಾ ಒಪ್ಪಂದದ ಪ್ರಕಾರ ಕೊಡಲ್ಪಟ್ಟ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯ ಪುಸ್ತಕ ಮತ್ತೊಂದು. ಈ ಪುಸ್ತಕವು ಒಂದು ವರ್ಷ ಮಾತ್ರ ಊರ್ಜಿತ. ಇದನ್ನು ಅತಿಥಿಯು ಸ್ವದೇಶದಲ್ಲಿಯೇ ಪಡೆದು ತರಬೇಕಲ್ಲದೆ ಮೈಸೂರಿಗೆ ಬಂದ ಮೇಲೆ ಇಲ್ಲಿ ಮಾಡಿಸಿಕೊಳ್ಳುವುದಕ್ಕಾಗುವುದಿಲ್ಲ. ಆದಕಾರಣ ಕೊಠಡಿ ಕಾದಿರಿಸುವ ಪತ್ರವ್ಯವಹಾರದಲ್ಲಿಯೇ, "ಬಂಡಿ ನಡೆಸುವ ಅಪೇಕ್ಷೆಯಿದ್ದರೆ ಇಂಥ ಪುಸ್ತಕವನ್ನು ತನ್ನಿರಿ" ಎಂದು ಒಂದು ಸಾಲು ಬರೆದರೆ ಮುಂದಿನ ತೊಂದರೆಗಳಲ್ಲಿ ಅರ್ಧ ತಪ್ಪುವುದು.

ಪುಸ್ತಕವಿದ್ದರೂ ಸಾಲದು, ಅದರೊಳಗಿನ ಮುದ್ರೆಯನ್ನು ನೋಡಬೇಕು. ಮೋಟಾರು ಸೈಕಲ್ಲಿಗೆ 'ಎ' ಎಂಬ ವರ್ಗ, ಕಾರಿಗೆ 'ಬಿ' ಎಂಬ ವರ್ಗ. 'ಬಿ' ವರ್ಗಕ್ಕೆ ಮಾತ್ರ ಮುದ್ರೆಯಿದ್ದರೆ ಆತನು ಇಪ್ಪತ್ತು ವರ್ಷ ಕಾರು ನಡೆಸಿದವನಾದರೂ ಸ್ಕೂಟರಿನ ವಿಷಯದಲ್ಲಿ ಲೈಸೆನ್ಸಿಲ್ಲದವನೇ. ನಮ್ಮ ದೇಶದ ಲೈಸೆನ್ಸಿನಲ್ಲಿಯೂ ಗೇರಿಲ್ಲದ ದ್ವಿಚಕ್ರ, ಗೇರಿರುವ ದ್ವಿಚಕ್ರ, ಕಾರು ಎಂಬ ಭೇದವುಂಟು. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಮೋಟಾರು ಸೈಕಲ್ಲುಗಳು ತಯಾರಾದುವಷ್ಟೆ. ಅಂಥ ಹಳೆಯ ಬಂಡಿಯೊಂದು ಇಂದಿಗೂ ಕೆಲವರ ಮನೆಯಲ್ಲಿದ್ದು, ಅತಿಥಿಗಳು ಅದನ್ನು ಕಂಡು ಮೋಹಗೊಳ್ಳುವುದುಂಟು. ಗೇರು ಬದಲಾಯಿಸುವ ಸನ್ನೆಯನ್ನೇ ಮಡಿಸಿ ಒದ್ದು ಯಂತ್ರವನ್ನು ಹೊರಡಿಸುವ ಆ ಬಂಡಿಯು ಅಭ್ಯಾಸವಿಲ್ಲದವರ ಕೈಗೆ ಕೊಡತಕ್ಕದ್ದಲ್ಲ.

ಇನ್ನು ಬಂಡಿಯ ಒಡೆಯರ ಹೊಣೆ. 1988ರ ಮೋಟಾರು ವಾಹನಗಳ ಕಾಯಿದೆಯ 5ನೆಯ ಪ್ರಕರಣದಂತೆ, ಲೈಸೆನ್ಸಿಲ್ಲದವರ ಕೈಗೆ ಬಂಡಿಯನ್ನು ಕೊಡುವುದು ಒಡೆಯನ ಅಪರಾಧ. 2019ರ ತಿದ್ದುಪಡಿಯ ತರುವಾಯ ಇದಕ್ಕೆ 5,000 ರೂಪಾಯಿ ಜುಲ್ಮಾನೆ, ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ವಿಧಿಸಲ್ಪಡಬಹುದು. ಬಂಡಿ ನಡೆಸಿದವನಿಗೆ ಬೇರೆಯಾಗಿ ಶಿಕ್ಷೆ. ಜುಲ್ಮಾನೆಯೇನೋ ಒಂದು ದಿನದ ಸಂಕಟ. ವಿಮೆಯ ಸಂಗತಿ ಅದಕ್ಕಿಂತ ದೊಡ್ಡದು. ಅತಿಥಿಯು ದಾರಿಯಲ್ಲಿ ನಡೆದುಹೋಗುವವರಿಗೆ ಬಂಡಿಯನ್ನು ತಾಗಿಸಿದನೆಂದು ಇಟ್ಟುಕೊಳ್ಳಿ. ಗಾಯಗೊಂಡವರಿಗೆ ನ್ಯಾಯಮಂಡಲಿಯು ಪರಿಹಾರವನ್ನು ವಿಧಿಸುತ್ತದೆ. ಒಡೆಯನು ಲೈಸೆನ್ಸನ್ನು ವಿಚಾರಿಸದೆ ಬಂಡಿ ಕೊಟ್ಟನೆಂದು ಸಿದ್ಧವಾದರೆ, ವಿಮಾ ಸಂಸ್ಥೆಯು ಆ ಹಣವನ್ನು ಮೊದಲು ತೆತ್ತರೂ ಆಮೇಲೆ ಒಡೆಯನಿಂದ ವಸೂಲುಮಾಡಿಕೊಳ್ಳಬಹುದು. ಅತಿಥಿಯು ಅಷ್ಟು ಹೊತ್ತಿಗೆ ಸಮುದ್ರದಾಚೆ ಇದ್ದಾನು. ಮನೆಯೊಡೆಯನು ಮನೆಯನ್ನು ಬಿಟ್ಟು ಎಲ್ಲಿಗೆ ಹೋದಾನು? ಮಗಳ ಮದುವೆಗೆಂದು ಕೂಡಿಟ್ಟುದು ಒಂದು ಸಂಜೆಯ ದಾಕ್ಷಿಣ್ಯಕ್ಕೆ ಕರಗಿಹೋಗುವುದು ಯಾರಿಗೂ ಬೇಡ.

ಕೆಲವರು ಸ್ವಂತ ಸ್ಕೂಟರನ್ನೇ ತಿಂಗಳ ಬಾಡಿಗೆಗೆ ಕೊಡುತ್ತಾರೆ. ಇದೂ ಸರಿಯಲ್ಲ. ಬಿಳಿಯ ಫಲಕದ ಮೇಲೆ ಕಪ್ಪು ಅಕ್ಷರಗಳಿರುವ ಬಂಡಿಯು ಮನೆಯ ಉಪಯೋಗಕ್ಕೆ ಮಾತ್ರ ನೋಂದಾಯಿತವಾದುದು. ಅದರ ವಿಮೆಯೂ ಅದೇ ಷರತ್ತಿನದು. ಅತಿಥಿಯೇ ನಡೆಸುವಂತೆ ಬಾಡಿಗೆಗೆ ಕೊಡತಕ್ಕ ಬಂಡಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರಬೇಕು. ಕೊಡುವ ಅಂಗಡಿಗೆ ಸಾರಿಗೆ ಇಲಾಖೆಯ ಅನುಮತಿಯಿರಬೇಕು. ಅತಿಥಿಯನ್ನು ಅಂಥ ಅಂಗಡಿಗೆ ಕರೆದುಕೊಂಡು ಹೋಗಿ, ವಿಮೆಯ ಕಾಗದದ ದಿನಾಂಕವನ್ನು ತೋರಿಸಿಕೊಟ್ಟು, ಬ್ರೇಕು, ಕನ್ನಡಿ, ದೀಪಗಳನ್ನು ಪರೀಕ್ಷಿಸಿ ಕೊಡಿಸುವುದೇ ನಿಜವಾದ ಉಪಕಾರ.

ತಲೆಯ ರಕ್ಷಣೆಯ ಮಾತಿಗೆ ಬರೋಣ. ನಡೆಸುವವರಿಗೂ ಹಿಂದೆ ಕುಳಿತವರಿಗೂ ಹೆಲ್ಮೆಟ್ಟು ಕಡ್ಡಾಯ. ಅದರ ಮೇಲೆ ಐ.ಎಸ್.ಐ. ಗುರುತು ಇರಬೇಕು, ಗದ್ದದ ಪಟ್ಟಿಯನ್ನು ಬಿಗಿದಿರಬೇಕು. ಪಟ್ಟಿ ಬಿಗಿಯದ ಹೆಲ್ಮೆಟ್ಟು ಬಿದ್ದ ಕೂಡಲೆ ಸವಾರನಿಗಿಂತ ಮುಂಚೆ ತಾನೇ ಹಾರಿಹೋಗುತ್ತದೆ. ಹಿಂದೆ ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಕೂರಿಸಕೂಡದು. ಮಕ್ಕಳೊಂದಿಗೆ ಬಂದ ಸಂಸಾರಗಳು ತಿಳಿಯತಕ್ಕ ಮತ್ತೊಂದು ನಿಯಮವುಂಟು: 2023ರಿಂದ, ನಾಲ್ಕು ವರ್ಷದೊಳಗಿನ ಮಗುವಿಗೆ ಅದರ ತಲೆಗೆ ಹೊಂದುವ ಹೆಲ್ಮೆಟ್ಟೂ ಸವಾರನ ಮೈಗೆ ಸೇರಿಸಿ ಕಟ್ಟುವ ಪಟ್ಟಿಯೂ ಇರಬೇಕು, ವೇಗವು ಗಂಟೆಗೆ 40 ಕಿಲೋಮೀಟರನ್ನು ಮೀರಬಾರದು. ಹೊಸದಾಗಿ ಸೀರೆ, ದುಪ್ಪಟ್ಟಗಳನ್ನು ಉಡಲು ಕಲಿತ ಪರದೇಶದ ಹೆಣ್ಣುಮಕ್ಕಳಿಗೆ, ಸೆರಗು ಹಿಂದಿನ ಗಾಲಿಗೆ ಸಿಕ್ಕದಂತೆ ಸೊಂಟಕ್ಕೆ ಸಿಕ್ಕಿಸಿ ಕುಳಿತುಕೊಳ್ಳುವ ಕ್ರಮವನ್ನು ಮನೆಯ ಹೆಂಗಸರೇ ಹೇಳಿಕೊಡಬೇಕು. ಇದನ್ನು ಯಾವ ಸರ್ಕಾರೀ ಪುಸ್ತಕವೂ ಅವರಿಗೆ ಕಲಿಸದು.

ರಸ್ತೆಯ ನಿಯಮಗಳಲ್ಲಿ ಎಲ್ಲಕ್ಕಿಂತ ಮೊದಲನೆಯದು ಎಡಗಡೆಯಲ್ಲಿ ಚಲಿಸುವುದು. ಜಪಾನು, ಇಂಗ್ಲೆಂಡು, ಆಸ್ಟ್ರೇಲಿಯದವರಿಗೆ ಇದು ವಾಡಿಕೆಯೇ. ಜರ್ಮನಿ, ರಷ್ಯ, ಅಮೆರಿಕ, ಬ್ರೆಜಿಲ್ ದೇಶದವರಿಗೆ ಬಲಗಡೆಯ ಅಭ್ಯಾಸ. ಇವರು ನೆಟ್ಟಗೆ ಹೋಗುವಾಗ ತಪ್ಪುವುದು ಕಡಿಮೆ. ಬೆಳಗ್ಗೆ ಜನರಿಲ್ಲದ ಬೀದಿಯಲ್ಲಿ ಮನೆಯ ಗೇಟಿನಿಂದ ಹೊರಟಾಗ ಮತ್ತು ತಿರುವಿನಲ್ಲಿ ಬಲಕ್ಕೆ ಹೊರಳಿದಾಗ ಹಳೆಯ ಅಭ್ಯಾಸವು ಮರುಕಳಿಸುತ್ತದೆ. ಯೋಗಶಾಲೆಗೆ ನಸುಕಿನಲ್ಲಿಯೇ ಹೊರಡುವವರಿಗೆ ಈ ಮಾತನ್ನು ವಿಶೇಷವಾಗಿ ಹೇಳಬೇಕು.

ಮೈಸೂರು ವೃತ್ತಗಳ ಊರು. ಕೃಷ್ಣರಾಜ ವೃತ್ತ, ಚಾಮರಾಜ ವೃತ್ತ, ಜಯಚಾಮರಾಜ ವೃತ್ತಗಳನ್ನು ಬಳಸದೆ ಪೇಟೆಗೆ ಹೋಗಿಬರುವುದು ಕಷ್ಟ. ನಾವು ವೃತ್ತವನ್ನು ದೇವಸ್ಥಾನದ ಪ್ರದಕ್ಷಿಣೆಯಂತೆ ಬಲಕ್ಕಿಟ್ಟುಕೊಂಡು ಸುತ್ತುತ್ತೇವೆ. ಬಲಗಡೆ ಚಲಿಸುವ ದೇಶಗಳಲ್ಲಿ ಅದು ಅಪ್ರದಕ್ಷಿಣೆ. ಹೀಗೆ ಹೇಳಿದರೆ ಅತಿಥಿಗಳು ಎಂದಿಗೂ ಮರೆಯುವುದಿಲ್ಲ. ವೃತ್ತದೊಳಗೆ ಆಗಲೇ ಸುತ್ತುತ್ತಿರುವ ಬಂಡಿಗೆ ಮೊದಲ ಹಕ್ಕು. ಹೊಸದಾಗಿ ಪ್ರವೇಶಿಸುವವರು ತಡೆದು ನಿಲ್ಲಬೇಕು. ಇದು ಕಾನೂನು. ಆದರೆ ಎಲ್ಲರೂ ನಿಲ್ಲುವರೆಂದು ನಂಬಿ ನುಗ್ಗಕೂಡದೆಂಬುದನ್ನೂ ಹೇಳದಿದ್ದರೆ ನಮ್ಮ ಪಾಠವು ಅರೆಪಾಠವಾದೀತು.

ಸಂಜ್ಞೆಗಳ ಅರ್ಥವೂ ದೇಶದಿಂದ ದೇಶಕ್ಕೆ ಬೇರೆ. ಎದುರಿನಿಂದ ಬರುವವರು ದೀಪವನ್ನು ಮಿನುಗಿಸಿದರೆ, "ನೀವು ಮುಂದೆ ಹೋಗಿ" ಎಂದು ಕೆಲವು ದೇಶಗಳವರು ತಿಳಿಯುತ್ತಾರೆ. ನಮ್ಮಲ್ಲಿ ಅದು ಬಹುಮಟ್ಟಿಗೆ "ನಾನು ಬರುತ್ತಿದ್ದೇನೆ, ತಡೆಯಿರಿ" ಎಂಬ ಅರ್ಥದ್ದು. ಈ ಒಂದು ಅಪಾರ್ಥದಿಂದ ಪ್ರಾಣವೇ ಹೋಗಬಹುದು. ಹಗಲಿನಲ್ಲಿ ದಾರಿಹೋಕರು ಬೆರಳುಗಳನ್ನು ಮುಚ್ಚಿ ತೆರೆದು ತೋರಿಸಿದರೆ ದೀಪ ಉರಿಯುತ್ತಿದೆಯೆಂದು ತಿಳಿಸುವ ಪರೋಪಕಾರ. 2017ರ ಏಪ್ರಿಲಿನಿಂದ ಹೊಸ ದ್ವಿಚಕ್ರಗಳ ಮುಂದೀಪವು ತಾನಾಗಿಯೇ ಉರಿಯುವಂತೆ ನಿಯಮವಾಗಿರುವುದರಿಂದ ಅತಿಥಿಯು ಇದಕ್ಕೆ ಗಾಬರಿಪಡಬೇಕಾಗಿಲ್ಲ. ನಕ್ಕು ಮುಂದೆ ಸಾಗಿದರೆ ಸಾಕು.

ಊರ ಹೊರಗಿನ ಪ್ರಯಾಣಕ್ಕೆ ಮೂರು ಎಚ್ಚರಿಕೆಗಳುಂಟು. ಬೆಂಗಳೂರಿಗೆ ಹೋಗುವ ಹೊಸ ಹೆದ್ದಾರಿಯ ನಡುವಿನ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರಗಳಿಗೆ ಪ್ರವೇಶವಿಲ್ಲ. ಪಕ್ಕದ ಸೇವಾರಸ್ತೆಯಲ್ಲಿಯೇ ಹೋಗಬೇಕು. ಗುಂಡ್ಲುಪೇಟೆಯನ್ನು ದಾಟಿ ಬಂಡೀಪುರದ ಕಾಡಿನ ಮೂಲಕ ಊಟಿಗಾಗಲಿ ವಯನಾಡಿಗಾಗಲಿ ಹೋಗುವವರು, ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಆ ದಾರಿಗಳು ಮುಚ್ಚಿರುತ್ತವೆಂಬುದನ್ನು ನೆನಪಿಡಬೇಕು. ಹಗಲಿನಲ್ಲಿಯೂ ಆನೆಯ ಚಿತ್ರ ತೆಗೆಯಲೆಂದು ನಡುಗಾಡಿನಲ್ಲಿ ಬಂಡಿ ನಿಲ್ಲಿಸಕೂಡದು. ಬೈಲುಕುಪ್ಪೆಯ ಟಿಬೆಟ್ಟಿನವರ ನೆಲೆಯಲ್ಲಿ ತಂಗಬೇಕೆನ್ನುವ ಪರದೇಶದವರು ಅದಕ್ಕೆ ಸರ್ಕಾರದ ವಿಶೇಷ ಅನುಮತಿಯನ್ನು ಮುಂಚಿತವಾಗಿಯೇ ಪಡೆದಿರಬೇಕು. ಬಂಡಿ ಇದೆಯೆಂದು ಹೊರಟು, ಅಲ್ಲಿ ಸಂಜೆಯಾದ ಮೇಲೆ ಪೇಚಾಡುವುದು ಬೇಡ.

ಇಷ್ಟೆಲ್ಲ ಎಚ್ಚರವಹಿಸಿದರೂ ಅಪಾಯ ಬಂದೊದಗಿದರೆ? ಅತಿಥಿಯ ಜೇಬಿನಲ್ಲಿ ಒಂದು ಚೀಟಿ ಯಾವಾಗಲೂ ಇರಲಿ: ಮನೆಯ ವಿಳಾಸ ಕನ್ನಡದಲ್ಲಿ, ಮನೆಯವರ ದೂರವಾಣಿ ಸಂಖ್ಯೆ, ರಕ್ತದ ಗುಂಪು, ಒಗ್ಗದ ಔಷಧಗಳ ಹೆಸರು, ಸ್ವದೇಶದಲ್ಲಿರುವ ಬಂಧುವೊಬ್ಬರ ಸಂಖ್ಯೆ. ಪ್ರಜ್ಞೆ ತಪ್ಪಿದ ಪರದೇಶದವನ ಬಳಿ ಬೀಗ ಹಾಕಿದ ಮೊಬೈಲೊಂದೇ ಇದ್ದರೆ ಅವನು ಯಾರ ಮನೆಯವನೆಂದು ತಿಳಿಯುವುದು ಹೇಗೆ? ಪೊಲೀಸಿನವರಿಗೆ 112, ಆಂಬುಲೆನ್ಸಿಗೆ 108 ಎಂಬ ಸಂಖ್ಯೆಗಳನ್ನು ಕಂಠಪಾಠ ಮಾಡಿಸಿರಿ. ಗಾಯಾಳುವನ್ನು ಸದ್ಭಾವದಿಂದ ಆಸ್ಪತ್ರೆಗೆ ಸೇರಿಸಿದವರನ್ನು ಕಾನೂನು ಪೀಡಿಸದು. 2019ರ ತಿದ್ದುಪಡಿಯಲ್ಲಿ ಅವರಿಗೆ ಸ್ಪಷ್ಟವಾದ ರಕ್ಷಣೆಯಿದೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಯೋಜನೆಯಂತೆ, ಮೋಟಾರು ವಾಹನದ ಅಪಘಾತಕ್ಕೆ ಸಿಕ್ಕವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ ಕೈಯಿಂದ ಹಣ ಕಟ್ಟದೆ ಚಿಕಿತ್ಸೆ ದೊರೆಯತಕ್ಕದ್ದು. ಇದು ಮೊದಲ ದಿನಗಳ ಆಸರೆ ಮಾತ್ರ. ಮುಂದಿನ ಖರ್ಚಿಗೆ ಅತಿಥಿಯ ಪ್ರಯಾಣ ವಿಮೆಯೇ ಗತಿ. ಆ ವಿಮೆಯು ದ್ವಿಚಕ್ರದ ಸವಾರಿಗೂ ಅನ್ವಯಿಸುವುದೇ ಎಂದು ಅವರೇ ಓದಿ ನೋಡಿಕೊಳ್ಳುವಂತೆ ಹೇಳಬೇಕು. ಎಷ್ಟೋ ವಿಮೆಗಳು, ಸವಾರನಿಗೆ ಸರಿಯಾದ ಲೈಸೆನ್ಸಿಲ್ಲದಿದ್ದರೆ ಕೈಬಿಡುತ್ತವೆ.

ಕಡೆಯದಾಗಿ ನಮ್ಮನ್ನು ಕುರಿತೇ ಒಂದು ಮಾತು. ಪರದೇಶದಿಂದ ಬಂದವರು ಮೊದಲ ವಾರದಲ್ಲಿ ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಕೆಂಪು ದೀಪಕ್ಕೆ ನಿಂತು, ಸಾವಧಾನವಾಗಿಯೇ ಸಾಗುತ್ತಾರೆ. ಒಂದು ತಿಂಗಳಾಗುವುದರೊಳಗೆ ಅವರಲ್ಲಿ ಕೆಲವರು ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿ, ಹತ್ತಿರದ ದಾರಿಯೆಂದು ಎದುರು ದಿಕ್ಕಿನಲ್ಲಿ ಬರುವುದನ್ನು ಕಾಣುತ್ತೇವೆ. ಇದನ್ನು ಅವರು ತಮ್ಮ ದೇಶದಿಂದ ತರಲಿಲ್ಲ. ನಮ್ಮನ್ನು ನೋಡಿ ಕಲಿತರು. ಹಾಲು ತರಲು ಬೀದಿಯ ಕೊನೆಗೆ ಹೋಗುವ ಮನೆಯೊಡೆಯರು ಬರಿಯ ತಲೆಯಲ್ಲಿ ಹೊರಟರೆ, ಮಹಡಿಯ ಕಿಟಕಿಯಿಂದ ನೋಡುತ್ತಿರುವ ಅತಿಥಿಗೂ ಜಗಲಿಯಲ್ಲಿ ನಿಂತ ನಮ್ಮದೇ ಮಕ್ಕಳಿಗೂ ಆ ಪಾಠವೇ ಸಿಕ್ಕುವುದು. ಅತಿಥಿಯನ್ನು ದೇವರೆಂದು ಭಾವಿಸುವ ನಾಡು ನಮ್ಮದು. ದೂರದ ಊರಿನ ತಾಯಿಯೊಬ್ಬಳು ನಮ್ಮನ್ನು ನಂಬಿ ಕಳುಹಿಸಿಕೊಟ್ಟ ಮಗನನ್ನೋ ಮಗಳನ್ನೋ ಕೈಕಾಲು ಗಟ್ಟಿಯಾಗಿ ಹಿಂದಿರುಗಿಸುವುದೂ ಆ ಭಾವನೆಯಲ್ಲಿ ಸೇರಿದ್ದೇ. ಕೊಠಡಿಯ ಬೀಗದ ಕೈಯನ್ನು ಕೊಡುವ ದಿನವೇ ಈ ಮಾತುಗಳನ್ನೂ ಆಡಿಬಿಡುವುದು ಮೇಲು.