ಗೋಪುರದಾಚೆಯ ಕಾಡು

ಕಾಡೆಂದೊಡನೆ ಮುಗಿಲು ಮುಟ್ಟುವ ಮರ, ಬಿಸಿಲು ನುಸುಳದ ಹಸುರು, ಎಡೆಬಿಡದ ಮಳೆ ನಮ್ಮ ಕಣ್ಣಿಗೆ ಕಟ್ಟುತ್ತವೆ. ಕಾಡಿನ ಈ ರೂಪವನ್ನು ನಮ್ಮ ಸಾಹಿತ್ಯಕ್ಕೆ ಕೊಟ್ಟದ್ದು ಮಲೆನಾಡು. ಬಯಲುಸೀಮೆಯ ಕುರುಚಲು ಗುಡ್ಡವನ್ನು ಅದೇ ಹೆಸರಿನಿಂದ ಕರೆಯಲು ಹಲವರಿಗೆ ಸಂಕೋಚ. ಅಂಥವರು ಒಮ್ಮೆ ಸಂಡೂರು ತಾಲ್ಲೂಕಿನ ದರೋಜಿಯ ಕರಡಿಧಾಮವನ್ನು ನೋಡಿಬರಬೇಕೆಂದು ನನ್ನ ಬಿನ್ನಹ.

1994ರಲ್ಲಿ ಘೋಷಿತವಾಗಿ, ಮುಂದೆ ವಿಸ್ತಾರಗೊಂಡ ಈ ಧಾಮ ಇಂದು ಸುಮಾರು 82 ಚದರ ಕಿಲೋಮೀಟರುಗಳಷ್ಟಿದೆ. ಪೇರಿಸಿಟ್ಟಂಥ ಬಂಡೆಗಳು, ನಡುನಡುವೆ ಮುಳ್ಳುಪೊದೆ. ಬಂಡೆಯ ಸಂದಿನ ತಣ್ಣನೆಯ ಗವಿಯೇ ಕರಡಿಯ ಮನೆ. ಸಂಜೆ ವೀಕ್ಷಣಾ ಗೋಪುರದಲ್ಲಿ ಕುಳಿತವರಿಗೆ, ಮರಿಯನ್ನು ಬೆನ್ನ ಮೇಲೆ ಹೊತ್ತ ತಾಯಿಕರಡಿ ಎದುರಿನ ಗುಡ್ಡದಿಂದ ಇಳಿದು ಬರುವ ನೋಟ ದೊರೆಯುವುದುಂಟು. ಕರಡಿಗಳನ್ನು ಬರಮಾಡಿಕೊಳ್ಳಲು ಬಂಡೆಗಳಿಗೆ ಬೆಲ್ಲದ ಪಾಕ ಬಳಿಯುವ ಪದ್ಧತಿ ಇಲ್ಲಿ ಬಹುಕಾಲ ನಡೆದುಬಂದಿದೆ. ನೋಟವೇನೋ ಮನೋಹರ, ಆದರೆ ಅದು ನಾವು ಬಡಿಸಿದ ಎಡೆ.

ಕರಡಿಯ ನಿಜವಾದ ಸಂಸಾರ ಗೋಪುರಕ್ಕೆ ಕಾಣದು. ಮೇಲ್ದವಡೆಯ ನಡುವಣ ಎರಡು ಹಲ್ಲುಗಳು ಅದಕ್ಕಿಲ್ಲ. ಮೂಗಿನ ಹೊಳ್ಳೆಗಳನ್ನು ಬೇಕೆಂದಾಗ ಮುಚ್ಚಿಕೊಳ್ಳಬಲ್ಲದು. ನೀಳವಾದ ಉಗುರಿನಿಂದ ಹುತ್ತವನ್ನು ಬಗೆದು, ಮಣ್ಣನ್ನು ಊದಿ, ಗೆದ್ದಲನ್ನು ಹೀರಿ ಹೊಟ್ಟೆ ಹೊರೆಯುವ ಜೀವ ಅದು. ಹಣ್ಣಿನ ಕಾಲದಲ್ಲಿ ಕಾಡುಹಣ್ಣು ತಿಂದು, ಅದರ ಬೀಜವನ್ನು ಗುಡ್ಡದಿಂದ ಗುಡ್ಡಕ್ಕೆ ಒಯ್ದು ಬಿತ್ತುತ್ತದೆ. ಗಿಡ ಕರಡಿಯನ್ನು ಸಾಕುತ್ತದೆ. ಕರಡಿ ಕಾಡನ್ನು ಬೆಳೆಸುತ್ತದೆ. ಹಂಪೆ ಆನೆಗೊಂದಿಗಳ ಸೀಮೆಯೇ ಕಿಷ್ಕಿಂಧೆಯೆಂದು ನಂಬುವ ನಾವು, ಜಾಂಬವಂತನ ಕುಲದ ಈ ಕಾಯಕವನ್ನು ಮಾತ್ರ ಗಮನಿಸಿದವರಲ್ಲ.

ಈ ಕುಲಕ್ಕೆ ಧಾಮದ ಗಡಿ ತಿಳಿಯದು. ಗಡಿಯಾಚೆಗೆ, ಅದೇ ತಾಲ್ಲೂಕಿನಲ್ಲಿ, ಸಂಡೂರಿನ ಬೆಟ್ಟಸಾಲು ನಿಂತಿದೆ. ದೋಣಿಮಲೆ, ಕುಮಾರಸ್ವಾಮಿ ಬೆಟ್ಟ ಮೊದಲಾದವುಗಳ ಒಡಲಲ್ಲಿರುವುದು ಕಬ್ಬಿಣದ ಅದಿರು. ಅದಕ್ಕಾಗಿ ನಡೆದ ಅಗೆತ ಎಷ್ಟು ಕೈಮೀರಿತೆಂದರೆ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಹಿಡಿಯಬೇಕಾಯಿತು. ಮುಂದೆ ಅದು ಕಟ್ಟುಪಾಡುಗಳೊಡನೆ ಮತ್ತೆ ಮೊದಲಾಯಿತು.

ನಾಡಿಗೆ ಕಬ್ಬಿಣ ಬೇಕು, ಜನಕ್ಕೆ ಕೂಲಿಯೂ ಬೇಕು. ಅದನ್ನು ಅಲ್ಲಗಳೆಯುವವನು ನಾನಲ್ಲ. ನನ್ನ ತಕರಾರೆಲ್ಲ ಒಂದು ಸಮಾಧಾನದ ಮೇಲೆ. ‘ಅಲ್ಲೊಂದು ಧಾಮವಿದೆಯಲ್ಲ’ ಎಂದು ಹೇಳಿ ಉಳಿದ ಬೆಟ್ಟಗಳನ್ನು ಮರೆಯುವ ಸಮಾಧಾನ ಅದು. ಅಗೆದ ನೆಲದಲ್ಲಿ ಸಸಿ ನೆಡಬಹುದು. ಗವಿಯನ್ನೂ ಹುತ್ತವನ್ನೂ ಬೆಟ್ಟದ ತೊರೆಯನ್ನೂ ನೆಡಲಾದೀತೆ?

ಉಪಾಧ್ಯಾಯರು ವಿದ್ಯಾರ್ಥಿಗಳನ್ನು ಹಂಪೆಗೆ ಕರೆದೊಯ್ಯುವುದು ವಾಡಿಕೆ. ಅಲ್ಲಿಂದ ದರೋಜಿ ದೂರವಲ್ಲ, ಸಂಡೂರೂ ದೂರವಲ್ಲ. ಒಂದು ಸಂಜೆ ಗೋಪುರದಲ್ಲಿ ಕರಡಿಯನ್ನು ತೋರಿಸಲಿ. ಮರುದಿನ ಬೆಳಿಗ್ಗೆ ಸಂಡೂರಿನ ಬೆಟ್ಟಗಳಲ್ಲಿ ಉಳಿದ ಕಾಡನ್ನೂ ಅಗೆದ ಕಾಡನ್ನೂ ಅಕ್ಕಪಕ್ಕದಲ್ಲಿ ತೋರಿಸಲಿ. ಹಾಳಾದ ಪಟ್ಟಣವನ್ನು ಕಂಡು ಮರುಗುವ ಮಕ್ಕಳು, ಹಾಳಾಗದೆ ಉಳಿಯಬಹುದಾದ ಬೆಟ್ಟವನ್ನೂ ಕಂಡು ಬರಲಿ.